ತಾಷ್ಕೆಂಟಿನಲ್ಲಿ ಎರಡು ವಿಷಲ್

ನಾನು ನೌಕರಿ ಬಿಟ್ಟು ಮೂರು ವರ್ಷವಾಯಿತು, ನೌಕರಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನು ನಾನು. ಈ ಸಲ ಆ ಕಡೆಯವರೇ ಹದಿನೆಂಟು ಜನ ಸೇರಿ ಉಜ್ಬೇಕಿಸ್ತಾನಕ್ಕೆ ಪ್ರವಾಸ ಹೋದೆವು. ಮುಕ್ಕಾಲು ಪಾಲು ನನ್ನ ಹಳೇ ಪ್ಯಾಸೆಂಜರುಗಳೇ.

ಹೊರಡುವ ದಿನ ನನ್ನ ಜೇಬಿನಲ್ಲಿ ಹಳೇ ವಿಷಲ್ ಕಂಡು ನನ್ನ ಹೆಂಡತಿ ಷರತ್ತು ಹಾಕಿದಳು: "ನೋಡ್ರೀ, ಅಲ್ಲೇನಾದ್ರೂ ಇದನ್ನ ಊದಿ ಮಾನ ಕಳೆದ್ರೆ, ಇನ್ಮುಂದೆ ನಿಮ್ಜೊತೆ ಎಲ್ಲಿಗೂ ಬರಲ್ಲ."

ಏಳು ದಿನ ಊದಲಿಲ್ಲ. ನಿಜ ಹೇಳುತ್ತೇನೆ, ಬಹಳ ಕಷ್ಟವಾಯಿತು. ಉಳಿದದ್ದು ಕೊನೆಯ ದಿನ. ಮಧ್ಯಾಹ್ನದವರೆಗೆ ತಾಷ್ಕೆಂಟ್ ಸುತ್ತಿ, ಮೂರು ಗಂಟೆಗೆ ದೊಡ್ಡ ಬಜಾರಿನ ಗೇಟಿನಿಂದ ವಿಮಾನ ನಿಲ್ದಾಣದ ಬಸ್ಸು ಹತ್ತಬೇಕು.

ಟವೆಲ್

ಬೆಳಿಗ್ಗೆ ಮೆಟ್ರೋಗೆ ಹೋದೆವು. ನೆಲದಡಿಯ ಸ್ಟೇಷನ್ನಿನಲ್ಲಿ ಅರಮನೆಯಂಥ ದೀಪಗೊಂಚಲು. ನಾವೆಲ್ಲ ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದರೆ, ಚೌಳಹಿರಿಯೂರಿನ ಯಜಮಾನರೊಬ್ಬರು ಮಾತ್ರ ಹಳಿಯ ಕಡೆ ನೋಡುತ್ತಿದ್ದರು. ಹೆಗಲ ಮೇಲಿನ ಟವೆಲ್ ಆಗಲೇ ಕೈಗೆ ಬಂದಿತ್ತು.

ರೈಲು ಬಂತು. ಕಿಟಕಿ ತೆರೆಯುವಂಥದ್ದಲ್ಲ. ಯಜಮಾನರು ಎದೆಗುಂದಲಿಲ್ಲ, ಬಾಗಿಲು ತೆರೆದ ಕೂಡಲೇ ಟವೆಲ್ ಬೀಸಿ ಒಳಗೆ ಎಸೆದರು. ಅದು ಹೋಗಿ ಕೂತಿದ್ದ ಒಬ್ಬ ತರುಣನ ತೊಡೆಯ ಮೇಲೆ ಬಿತ್ತು. ಆತ ಯಜಮಾನರ ನರೆಗೂದಲು ನೋಡಿದ, ಎದ್ದ, ಟವೆಲ್ ಮಡಿಸಿ ಕೈಗಿಟ್ಟ, ಎದೆ ಮುಟ್ಟಿಕೊಂಡು ಕೂರಲು ಸನ್ನೆ ಮಾಡಿದ.

ಇಲ್ಲಿ ಹಿರಿಯರನ್ನು ಕಂಡರೆ ಸೀಟು ಬಿಡುವುದು ಪದ್ಧತಿ ಎಂದು ನಮ್ಮ ಗೈಡಮ್ಮ ಹಿಂದಿಯಲ್ಲಿ ವಿವರಿಸಿದಳು. ಯಜಮಾನರು ಒಪ್ಪಲಿಲ್ಲ.

"ಸುಮ್ನಿರವ್ವ. ಟವೆಲ್ ಕಾನೂನು ಎಲ್ಲಾ ಕಡೆ ಒಂದೇಯ."

ಮುಂದೆ ರೈಲು ಬದಲಾಯಿಸುವಾಗ ನಮ್ಮವರ ನಾಲ್ಕು ಟವೆಲು ಒಟ್ಟಿಗೆ ಹಾರಿದವು. ನಾಲ್ಕಕ್ಕೂ ಸೀಟು ಸಿಕ್ಕಿತು.

ರುಚಿ

ಬಜಾರು ದೊಡ್ಡ ನೀಲಿ ಗುಮ್ಮಟದ ಕೆಳಗೆ. ಯಾವ ಅಂಗಡಿಯ ಮುಂದೆ ನಿಂತರೂ ರುಚಿ ನೋಡಿ ಎಂದು ಕೈಗೆ ತುಂಬುತ್ತಾರೆ. ದ್ರಾಕ್ಷಿ, ಬಾದಾಮಿ, ಒಣ ಹಣ್ಣು. ನನ್ನವಳ ಊಟ ರುಚಿ ನೋಡುವುದರಲ್ಲೇ ಮುಗಿಯಿತು. ಆಮೇಲೆ ಅವಳಿಗೆ ನಾಚಿಕೆಯಾಯಿತು.

"ತಿಂದು ಹಂಗೇ ಹೋಗದಾ? ಚೆನ್ನಾಗಿರಲ್ಲ ಕಣ್ರೀ" ಎಂದು ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದಳು. ರೊಟ್ಟಿ ಅಂಗಡಿಯವನ ಕೈಗೆ ಒಂದು ಚಮಚ ಹಾಕಿದಳು. ಅವನು ಅಷ್ಟನ್ನೂ ಒಮ್ಮೆಗೇ ಬಾಯಿಗೆ ಹಾಕಿಕೊಂಡ.

ಮುಖ ಕೆಂಪಾಯಿತು. ಟೀ ಕುಡಿದ. ಇನ್ನೊಂದು ಲೋಟ ಟೀ ಕುಡಿದ. ಕಣ್ಣೀರು ಒರೆಸಿಕೊಂಡು ಪಕ್ಕದ ಅಂಗಡಿಯವನನ್ನು ಪ್ರೀತಿಯಿಂದ ಕರೆದು, ಅವನಿಗೂ ಒಂದು ಚಮಚ ಹಾಕಿಸಿದ.

ವಿಷಲ್

ಮೂರಕ್ಕೆ ಐದು ನಿಮಿಷ. ಬಸ್ಸಿನಲ್ಲಿ ತಲೆ ಎಣಿಸಿದೆ. ಹದಿನೇಳು. ಮತ್ತೆ ಎಣಿಸಿದೆ, ಹದಿನೇಳೇ. ಮೂವತ್ತು ವರ್ಷ ಎಣಿಸಿದವನ ಲೆಕ್ಕ ತಪ್ಪುವುದಿಲ್ಲ. ಇಲ್ಲದಿದ್ದವಳು ನನ್ನ ಹೆಂಡತಿ! ಅವಳ ಫೋನು ಭದ್ರವಾಗಿ ನನ್ನ ಜೇಬಿನಲ್ಲಿತ್ತು.

ವಿಮಾನ ಕಾಯುವುದಿಲ್ಲ ಎಂದು ಗೈಡಮ್ಮ ಗಡಿಯಾರ ತೋರಿಸಿದಳು. ಭಾಷೆ ಬಾರದ ಊರಿನ ಸಾವಿರಾರು ಜನರಲ್ಲಿ ಎಲ್ಲಿ ಅಂತ ಹುಡುಕಲಿ?

"ವಿಷಲ್ ಊದಿ ಕಂಡಕ್ಟ್ರೇ" ಎಂದರು ಯಜಮಾನರು.

"ಊದಿದ್ರೆ ಇನ್ಮುಂದೆ ಯಾವ ಪ್ರವಾಸಕ್ಕೂ ಬರಲ್ಲ ಅಂದವ್ಳೆ."

"ಊದ್ದೇ ಇದ್ರೆ ಈ ಪ್ರವಾಸದಿಂದ್ಲೇ ವಾಪಸ್ ಬರಲ್ವಲ್ಲಪ್ಪಾ!"

ಬಜಾರಿನ ಬಾಗಿಲಿಗೆ ಓಡಿದೆ. ಒಂದು ವಿಷಲ್ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ಮದುವೆಗೆ ಮುಂಚೆ ಶಿವನಿಯಿಂದ ಅಜ್ಜಂಪುರಕ್ಕೆ ಹೊಲಿಗೆ ಕಲಿಯಲು ಅವಳು ಬರುತ್ತಿದ್ದದ್ದು ನನ್ನ ಬಸ್ಸಿಗೇ. ನಮ್ಮ ಕಡೆ ನಿಂತ ಬಸ್ಸನ್ನು ಯಾರೂ ಹತ್ತುವುದಿಲ್ಲ, ಹೊರಡುವ ಬಸ್ಸಿಗೇ ಓಡಿ ಬರುವುದು. ಅದಕ್ಕೇ ಉಸಿರು ತುಂಬಿ ಎರಡು ಊದಿದೆ.

ಇಡೀ ಬಜಾರು ತಿರುಗಿ ನೋಡಿತು. ಕರಬೂಜದ ರಾಶಿಯ ಹಿಂದಿನಿಂದ ಒಂದು ಕೂಗು ಬಂತು.

"ಹೋಲ್ಡಾನ್! ಹೋಲ್ಡಾನ್! ಬಂದೇ!"

ಸೀರೆ ನೆರಿಗೆ ಎತ್ತಿ ಹಿಡಿದು, ಕಂಕುಳಲ್ಲಿ ಕರಬೂಜ ಒತ್ತಿಕೊಂಡು ಓಡಿಬಂದಳು. ಹಿಂದೆ ಅವಳ ಚೀಲ ಹೊತ್ತ ರೊಟ್ಟಿ ಅಂಗಡಿಯವನು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಬಸ್ಸು ಹತ್ತಿ ಕೂತಳು. ಹದಿನೇಳು ಜನರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಅಲ್ರೀ, ಅರ್ಧ ಗಂಟೆಯಿಂದ ಅಲ್ಲೇ ನಿಂತಿವ್ನಿ" ಎಂದು ಗದರಿಸಿದಳು. "ಬಸ್ಸೂ ಕಾಣ್ತಿತ್ತು, ನೀವು ತಲೆ ಎಣಿಸೋದೂ ಕಾಣ್ತಿತ್ತು. ವಿಷಲ್ಲೇ ಊದ್ದೆ ಯಾರ್ರೀ ಬಸ್ ಹತ್ತಾರೆ?"

ಷರತ್ತು ಅಲ್ಲಿಗೆ ಮುಗಿಯಿತು. ಬಸ್ಸಿನ ಬಾಗಿಲಲ್ಲಿ ನಿಂತು, ಎಲ್ಲರೂ ಕೇಳುವಂತೆ, ಹೆಮ್ಮೆಯಿಂದ ಇನ್ನೆರಡು ಊದಿದೆ. ತಾಷ್ಕೆಂಟಿನ ಡ್ರೈವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಹಿಂತಿರುಗಿಯೂ ನೋಡದೆ ಗಾಡಿ ಎತ್ತಿದ.