ಜರ್ಮನಿ ಅಮ್ಮನ ಪದಕ

ಕೊಳ್ಳೇಗಾಲದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಹತ್ತಿರ ಬರುವುದು ಹೆಚ್ಚಾಗಿ ಸತ್ತವರ ಫೋಟೋ. ಬದುಕಿರುವವರೆಲ್ಲ ಈಗ ಫೋನಿನೊಳಗೆ ಇದ್ದಾರೆ, ಗೋಡೆಗೆ ಏರಬೇಕಾದರೆ ಸಾಯಲೇಬೇಕು. ಕಟ್ಟು ಹಾಕಿಸಿ ಒಯ್ಯಲು ಮರೆತವರೂ ಇದ್ದಾರೆ. ಆ ಅಜ್ಜ ಅಜ್ಜಿಯರೆಲ್ಲ ನನ್ನ ಗೋಡೆಯ ಮೇಲೆ ಸಾಲಾಗಿ ಕೂತು, ನಾನು ಊಟದ ಡಬ್ಬಿ ಬಿಚ್ಚಿದಾಗ ಇವತ್ತೇನು ಸಾರು ಎಂದು ಇಣುಕುತ್ತಾರೆ. ನನಗೆ ಭಯವೇನಿಲ್ಲ. ಆದರೂ ಮೊದಲ ತುತ್ತನ್ನು ಅವರಿಗೆ ಬೆನ್ನು ಹಾಕಿಯೇ ತಿನ್ನುವುದು.

ಕಾವಲು

ಒಂದು ಬೆಳಿಗ್ಗೆ ಯಳಂದೂರಿನಿಂದ ಅಜ್ಜಿಯೊಂದು ಬಸ್ಸಿಳಿದು ನೇರ ಅಂಗಡಿಗೆ ಬಂತು. ಹನೂರಿನ ಆಚೆ, ಕಾಡಂಚಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಅಜ್ಜಿ. ಅಲ್ಲೊಬ್ಬರು ಜರ್ಮನಿಯ ನರ್ಸ್ ಇದ್ದರಂತೆ. ಸುತ್ತಿನ ಹಳ್ಳಿಗಳಿಗೆಲ್ಲ ಅವರು ಜರ್ಮನಿ ಅಮ್ಮ. ಹೂಗ್ಯಂ, ಗೋಪಿನಾಥಂ ಅಂತ ಬಸ್ಸು ಕೂಡ ಯೋಚನೆ ಮಾಡಿ ಹೋಗುವ ಊರುಗಳಿಗೆ ಇಬ್ಬರೂ ಜೀಪಿನಲ್ಲಿ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಅಜ್ಜಿ ಬ್ಯಾಟರಿ ಹಿಡಿಯುತ್ತಿತ್ತು, ಅಮ್ಮ ಮಗು ಹಿಡಿಯುತ್ತಿದ್ದರು. ಆ ಸೇವೆಗೆ ಅವರ ಸರ್ಕಾರ ಒಂದು ಪದಕ ಕೊಟ್ಟಿತು. ವಯಸ್ಸಾಗಿ ತಮ್ಮ ದೇಶಕ್ಕೆ ಹೊರಟ ದಿನ ಅಮ್ಮ ಅದನ್ನು ಅಜ್ಜಿಯ ಕೈಯಲ್ಲಿಟ್ಟು ಹೋದರು. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ ಫೋನು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅಜ್ಜಿಯ ಮನೆಯವರು ಅಮ್ಮ ತೀರಿಕೊಂಡರು ಅಂತ ತೀರ್ಮಾನ ಮಾಡಿಬಿಟ್ಟರು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಪದಕ ತೋರಿಸಿತು. ಕೆಂಪು ಶಿಲುಬೆ, ಚಿನ್ನದ ಬಣ್ಣದ ಅಂಚು, ನಡುವೆ ರೆಕ್ಕೆ ಬಿಚ್ಚಿದ ಕಪ್ಪು ಹದ್ದು. ಮೇಲೆ ಕೆಂಪು, ಕಪ್ಪು, ಹಳದಿಯ ರಿಬ್ಬನ್ನು, ಶಾಲೆಯ ಹುಡುಗಿಯರ ಜಡೆಗೆ ಕಟ್ಟಿದ ಹಾಗೆ ಹೂವಿನ ಗಂಟು. ಹೆಂಗಸರಿಗೆ ಕೊಡುವಾಗ ಹಾಗೆ ಕಟ್ಟಿ ಕೊಡುತ್ತಾರಂತೆ. ಅಜ್ಜಿಗೆ ಅದು ಪ್ರಾಣ. ಆದರೆ ಸೊಸೆ ಅದನ್ನು ಹೊಳೆಗೆ ಬಿಡಬೇಕೆಂದು ಹಟ ಹಿಡಿದಿದ್ದಳು.

"ಅಮ್ಮನ ಫೋಟೋ ಜೊತ್ಗೆ ಸೇರ್ಸಿ ಗಾಜಾಕಿ ಒಂದು ಕಟ್ಟು ಆಕ್ಕೊಡಪ್ಪ" ಎಂದಿತು ಅಜ್ಜಿ. "ಬರೀ ಪದಕ ಆದ್ರೆ ಎತ್ತಿ ಬಿಸಾಕ್ತಾಳೆ. ಸತ್ತೋರ್ ಫೋಟೋ ಕೀಳೋಕೆ ಯಾವ್ ಸೊಸೆಗೆ ಧೈರ್ಯ ಅದೆ?"

ಸತ್ತವರಿಗೆ ಹಾರ ಹಾಕುವುದನ್ನು ಕಂಡಿದ್ದೆ. ಸತ್ತವರನ್ನೇ ಕಾವಲಿಗೆ ಹಾಕುವುದನ್ನು ಅವತ್ತೇ ಕಂಡದ್ದು.

ಬೆನ್ನು

ಪದಕ ಕೂರುವಷ್ಟು ಆಳವಾದ ಕಟ್ಟು ನನ್ನಲ್ಲಿ ಇರಲಿಲ್ಲ. ಮರ ಬರುವ ತನಕ ಪದಕವನ್ನು ಅಂಗಡಿಯ ಮೊಳೆಗೆ, ಹದ್ದು ಕಾಣುವ ಹಾಗೆ, ತೂಗುಹಾಕಿದೆ. ಮಧ್ಯಾಹ್ನ ಹೊರಗೆ ಹೋಗಿ ಬಂದರೆ ಅದು ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಸರಿ ಮಾಡಿದೆ. ಟೀ ಕುಡಿದು ಬಂದರೆ ಮತ್ತೆ ಬೆನ್ನು. ಕರೆಂಟು ಇಲ್ಲ, ಫ್ಯಾನು ತಿರುಗುತ್ತಿಲ್ಲ, ಬಾಗಿಲ ಪರದೆ ಕೂಡ ಅಲುಗುತ್ತಿಲ್ಲ. ಪದಕದ ಕಟ್ಟಿಗೆಂದು ಗಾಜು ಕೊಯ್ಯಲು ಕೂತೆ. ನಾನು ಎಳೆದ ಗೆರೆಯನ್ನು ಬಿಟ್ಟು ಗಾಜು ತನ್ನದೇ ದಾರಿ ಹಿಡಿದು ಸೀಳಿತು. ಇನ್ನೊಂದು ತೆಗೆದೆ, ಅದೂ ಹಾಗೆಯೇ ಸೀಳಿತು. ಗೋಡೆಯ ಮೇಲಿನ ಅಜ್ಜ ಅಜ್ಜಿಯರು ನನ್ನನ್ನು ಬಿಟ್ಟು ಪದಕವನ್ನು ನೋಡುತ್ತಿದ್ದಾರೆ ಅನ್ನಿಸಿತು. ಬೆವರು ಬಂತು.

ನಾನು ಹೊರಗೆ ಹೋದಾಗ ಅಂಗಡಿಯಲ್ಲಿ ಕೂರುವವಳು ನನ್ನ ಹೆಂಡತಿ. ಅವಳಿಗೆ ಮೆಲ್ಲಗೆ ವಿಷಯ ಹೇಳಿದೆ. ಅವಳು ತರಕಾರಿ ಬಿಡಿಸುತ್ತಲೇ, ತಿರುಗಿಸಿದ್ದು ತಾನೇ ಎಂದಳು. ಆ ಹಕ್ಕಿ ತಾನು ಕೂತ ಕಡೆಗೇ ನೋಡುತ್ತಿತ್ತಂತೆ, ನಿಮ್ಮ ಗೋಡೆಯವರು ನೋಡುವುದು ಸಾಲದಾ ಎಂದು ಕೇಳಿದಳು. ನನಗೆ ಎಷ್ಟು ನಿರಾಳವಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ. ಹಾಗಾದರೆ ಗಾಜಿಗೂ ನೀನೇ ಏನೋ ಮಾಡಿರಬೇಕು ಎಂದೆ.

"ಗಾಜಾ? ನಾನ್ ಗಾಜಿನ್ ತಂಟೆಗೇ ಓಗಿಲ್ಲ" ಎಂದಳು.

ಅಂದು ಇನ್ನೂ ಬಿಸಿಲಿರುವಾಗಲೇ ಅಂಗಡಿ ಮುಚ್ಚಿದೆವು. ಮುಚ್ಚೋಣ ಎಂದು ಮೊದಲು ಹೇಳಿದ್ದು ಯಾರು ಎನ್ನುವ ಬಗ್ಗೆ ಮನೆಯಲ್ಲಿ ಇವತ್ತಿಗೂ ತಕರಾರಿದೆ.

ಇನ್ನೊಂದು ತಲೆ

ಎರಡು ದಿನ ಬಿಟ್ಟು ಸೊಸೆಯೇ ಅಂಗಡಿಗೆ ಬಂದಳು. ಹನೂರಿನ ಹೆಣ್ಣುಮಗಳು, ಮಾತು ನೇರ. ಅವಳ ಲೆಕ್ಕದಲ್ಲಿ ಆ ಹಕ್ಕಿ ಗಂಡಭೇರುಂಡ. ಗಂಡಭೇರುಂಡಕ್ಕೆ ಎರಡು ತಲೆ ಇರಬೇಕು. ಸರ್ಕಾರಿ ಬಸ್ಸಿನ ಮೇಲೆ, ಕಚೇರಿಯ ಬೋರ್ಡಿನ ಮೇಲೆ, ಎಲ್ಲಿ ನೋಡಿದರೂ ಎರಡು. ಇದಕ್ಕೆ ಒಂದೇ ಇದೆ, ಅಂದರೆ ಒಂದು ಮುರಿದಿದೆ. ಮುಕ್ಕಾದ ವಿಗ್ರಹವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡಬೇಕು. ಅಮ್ಮನ ಫೋನು ನಿಂತ ಮೇಲೆ ಎಮ್ಮೆ ಹಾಲು ಬತ್ತಿಸಿತು, ಗಂಡ ಸ್ಕೂಟರಿನಿಂದ ಬಿದ್ದ, ಮಿಕ್ಸಿ ಸುಟ್ಟಿತು. ಮಿಕ್ಸಿಯ ವಿಷಯ ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು.

ತಂದೆಯ ಫೋಟೋಗೆ ಕಾಯುತ್ತ ಅಲ್ಲೇ ಕೂತಿದ್ದ ಮಿಲಿಟರಿ ನಿವೃತ್ತರೊಬ್ಬರು ಪದಕವನ್ನು ಕೈಗೆತ್ತಿಕೊಂಡು, ಇದು ಹಿಟ್ಲರನದು ಎಂದುಬಿಟ್ಟರು. ಸೊಸೆಯ ಮುಖ ಬಿಳುಪೇರಿತು. ನನಗೆ ಸಿಟ್ಟು ಬಂದು ಫೋನು ತೆಗೆದು ಹುಡುಕಿದೆ. ಇದು ಯುದ್ಧವೆಲ್ಲ ಮುಗಿದು ಅಲ್ಲಿ ಹೊಸ ಸರ್ಕಾರ ಬಂದಮೇಲೆ ಶುರುವಾದದ್ದು, ಜನಸೇವೆಗೂ ಕೊಡುವಂಥದ್ದು. ಯುದ್ಧಕಾಲದ ಹಳೆಯ ಪದಕ ಇದ್ದವರು ಕೂಡ ಹಿಟ್ಲರನ ಗುರುತನ್ನು ತೆಗೆಸಿ, ಹೊಸದಾಗಿ ಮಾಡಿಸಿಕೊಂಡರಷ್ಟೇ ಧರಿಸಬಹುದಾಗಿತ್ತು. ಇಷ್ಟನ್ನೂ ಓದಿ ಹೇಳಿ, ಅಲ್ಲಿಯವರು ಆ ಕೆಟ್ಟದ್ದನ್ನು ಯಾವತ್ತೋ ತೆಗೆದುಹಾಕಿದ್ದಾರೆ ಕಣಮ್ಮ, ಹೆದರಬೇಡ ಎಂದೆ.

"ನೋಡಣ್ಣ, ನೀನೇ ಯೇಳ್ದೆ" ಎಂದಳು. "ಏನೋ ತೆಗ್ದವ್ರೆ ಅಂತ. ಅದೇ ಆ ಇನ್ನೊಂದು ತಲೆ."

ಮಿಲಿಟರಿಯವರು ಗಂಭೀರವಾಗಿ ತಲೆಯಾಡಿಸಿ, ತೆಗೆದದ್ದು ಹಿಟ್ಲರನ ತಲೆಯೇ ಇರಬೇಕು ಎಂದರು.

ಎಡೆ

ಕಟ್ಟು ಮುಗಿಯುವ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆ ಅವರವರ ಇಷ್ಟದ ಅಡುಗೆ ಮಾಡಿ ಎಡೆ ಇಡುತ್ತಾರೆ. ಇಟ್ಟಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರಬೇಕು, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಅಂತ. ಅತ್ತೆ ಸೊಸೆಯ ನಡುವೆ ಅರೆದುಹೋಗಿದ್ದ ಮಗ ಒಂದು ದಾರಿ ಹುಡುಕಿದ್ದ. ಜರ್ಮನಿ ಅಮ್ಮನಿಗೂ ಎಡೆ ಇಡುವುದು. ಎಡೆ ಮುಟ್ಟಿದ ಗುರುತು ಕಂಡರೆ ಅಮ್ಮನಿಗೆ ತೃಪ್ತಿಯಾಯಿತೆಂದು ಪದಕ ಮನೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಬೆಳಿಗ್ಗೆಯೇ ಹೊಳೆಗೆ. ಸೊಸೆ ಒಪ್ಪಿದಳು. ಅಜ್ಜಿಗೂ ಬೇರೆ ದಾರಿ ಇರಲಿಲ್ಲ.

ಕಟ್ಟನ್ನು ಗೋಡೆಗೆ ಹಾಕಿಕೊಡಲು ಯಳಂದೂರಿಗೆ ಹೋಗಿದ್ದ ನನ್ನನ್ನು ಎಡೆ ಮುಗಿಸಿಕೊಂಡು ಹೋಗು ಎಂದು ನಿಲ್ಲಿಸಿಕೊಂಡರು. ಫೋಟೋದಲ್ಲಿ ಅಮ್ಮ ನಗುತ್ತಿದ್ದರು, ಕೆಳಗೆ ಪದಕ, ಮೇಲೆ ಸೇವಂತಿಗೆ ಹಾರ. ಅಜ್ಜಿ ಎಲೆಯ ಮೇಲೆ ರಾಗಿ ಮುದ್ದೆ, ಹುರುಳಿ ಬಸ್ಸಾರು, ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ಕರಿ ಕಾಫಿ ಇಟ್ಟಿತು. ಬಾಗಿಲು ಮುಚ್ಚಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಸಂಜೆಯ ಬಿಸಿಲು ಆರುತ್ತಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಒಳಗೆ ಯಾರ್ಯಾರು ಉಣ್ಣುತ್ತಿದ್ದರೋ.

ಆಗ ನಮ್ಮ ಬಾಗಿಲ ಹಿಂದೆ ಎಲೆ ಸರಿದ ಸದ್ದಾಯಿತು. ಆಮೇಲೆ ಲೋಟವನ್ನು ನೆಲಕ್ಕಿಟ್ಟ ಸದ್ದು. ಸೊಸೆ ಗಂಡನ ಅಂಗಿ ಹಿಡಿದುಕೊಂಡಳು. ನನಗೆ ಭಯವಿಲ್ಲ ಎಂದು ಮೊದಲೇ ಹೇಳಿದ್ದೇನೆ. ಗಾಳಿ ಬರಲಿ ಅಂತ ಅಜ್ಜಿಯ ಹಿಂದೆ ಹೋಗಿ ನಿಂತೆ. ಅಜ್ಜಿ ಮಾತ್ರ ನಗುತ್ತಿತ್ತು.

"ಬಂದವ್ರೆ" ಎಂದಿತು.

ಒಳಗಿನಿಂದ ಒಂದು ಹೆಣ್ಣುದನಿ ಕೇಳಿತು. "ಉಪ್ಪಿನ್‌ಕಾಯಿ ಇಲ್ವಮ್ಮಿ?"

ಯಾರು ಬಾಗಿಲು ತೆಗೆದರೋ ನನಗೆ ಗೊತ್ತಿಲ್ಲ, ನನ್ನ ಕಣ್ಣು ಮುಚ್ಚಿತ್ತು. ಬಿಟ್ಟು ನೋಡಿದರೆ, ಫೋಟೋದ ಕೆಳಗೆ ಫೋಟೋದಲ್ಲಿದ್ದವರೇ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಮುರಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಲನ್ನು ನೋಡಿ, ಕಾಲನ್ನು ನೋಡಿ ಎಂದು ಸೊಸೆ ಪಿಸುಗುಟ್ಟಿದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದಲ್ಲ. ಆದರೆ ಅವರ ಲಂಗ ನೆಲದ ತುಂಬ ಹರಡಿ ಪಾದ ಕಾಣುತ್ತಿರಲಿಲ್ಲ. ಎಲ್ಲರೂ ಸೇರಿ ನನ್ನನ್ನು ಮುಂದೆ ನೂಕಿದರು. ಸ್ವಲ್ಪ ಎದ್ದು ನಿಲ್ಲುತ್ತೀರಾ ಅಮ್ಮ ಎಂದೆ.

"ಉಣ್ಣೋವಾಗ ಎಲೆ ಬುಟ್ಟು ಏಳ್ಬಾರ್ದು ಅಂತ ಇವ್ಳೇ ಯೇಳ್ಕೊಟ್ಟಿದ್ದು" ಎಂದು ಅವರು ಅಜ್ಜಿಯ ಕಡೆ ಕೈ ತೋರಿಸಿದರು.

ಅಮ್ಮ ಹೃದಯದ ಆಪರೇಷನ್ ಆಗಿ ವೃದ್ಧಾಶ್ರಮ ಸೇರಿದ್ದರಂತೆ, ಫೋನ್ ನಂಬರೆಲ್ಲ ಕಳೆದುಹೋಗಿದ್ದವಂತೆ. ಸಾಯುವ ಮೊದಲು ಒಂದು ಸಲ ನೋಡೋಣ ಎಂದು ಬಂದರೆ ಕಾರು ಗಲ್ಲಿಗೆ ನುಗ್ಗಲಿಲ್ಲ. ಹಿಂದೆ ಈ ಮನೆಗೆ ಬರುತ್ತಿದ್ದಾಗಿನಂತೆ ಹಿತ್ತಲ ಬಾಗಿಲಿಂದ ಬಂದರು. ಮನೆಯಲ್ಲಿ ಯಾರೂ ಇಲ್ಲ, ತಮಗೆ ಬೇಕಾದದ್ದೆಲ್ಲ ಎಲೆಯ ಮೇಲಿದೆ. ಹಿಂದೆಯೂ ಅಜ್ಜಿ ಹೀಗೆಯೇ ಬಡಿಸಿಟ್ಟು ಹೋಗುತ್ತಿತ್ತಂತೆ, ಕೂತು ಉಂಡರು.

ಆಮೇಲೆ ಅಮ್ಮ ತಲೆಯೆತ್ತಿದರು. ತಮ್ಮ ಫೋಟೋ, ಹಾರ, ಕುಂಕುಮ ಎಲ್ಲವನ್ನೂ ನೋಡಿದರು. ಅಜ್ಜಿ ಹಾರ ಕಿತ್ತು, ಗಾಜಿನ ಮೇಲಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ, ಕಟ್ಟನ್ನು ಅವರ ಮುಂದೆ ಹಿಡಿಯಿತು. ನೀವು ಬದುಕಿರುವಾಗ ಇದು ನನ್ನದಲ್ಲ, ತಗೊಳ್ಳಿ ಎಂದಿತು. ಹೇಳಿತೇ ಹೊರತು ಕೈ ಮಾತ್ರ ಬಿಡಲಿಲ್ಲ. ಎಷ್ಟು ಕಟ್ಟು ಹಾಕಿದ್ದೇನೆ, ಇಂಥ ಕೈ ನೋಡಿರಲಿಲ್ಲ.

ಅಮ್ಮ ನನ್ನಿಂದ ಗಾಜು ಬಿಚ್ಚಿಸಿದರು. ಎಂಜಲು ಕೈ ತೊಳೆದು, ಪದಕ ತೆಗೆದು ಅಜ್ಜಿಯ ಸೆರಗಿಗೆ ಚುಚ್ಚತೊಡಗಿದರು. ಫೋನಿನಲ್ಲಿ ಎಲ್ಲ ಓದಿಕೊಂಡಿದ್ದ ನನ್ನ ಬಾಯಿ ಸುಮ್ಮನಿರಬೇಕಲ್ಲ. ನಿಮ್ಮ ದೇಶದ ಕಾನೂನಿನಲ್ಲಿ ಇದನ್ನು ಪಡೆದವರು ಮಾತ್ರ ಧರಿಸಬಹುದಂತೆ, ಬೇರೆಯವರು ಇಟ್ಟುಕೊಳ್ಳಬಹುದಂತೆ, ಹಾಕಿಕೊಳ್ಳುವಂತಿಲ್ಲವಂತೆ ಎಂದೆ. ಅಮ್ಮ ನೆಲದ ಮೇಲೆ ಬಿದ್ದಿದ್ದ ಹಾರವನ್ನು ನೋಡಿದರು, ಖಾಲಿಯಾದ ಎಲೆಯನ್ನು ನೋಡಿದರು, ಪಿನ್ನು ಒತ್ತಿ ಹಾಕಿದರು.

"ಕಾನೂನೆಲ್ಲ ಬದ್ಕಿರೋರ್ಗೆ ಕಣಪ್ಪ. ನನ್ ಎಡೆನ ನಾನೇ ಉಂಡ್ಬುಟ್ಟಿವ್ನಿ, ಇನ್ನು ನನ್ನ ಯಾವ್ ಪೊಲೀಸ್ನೋನು ಇಡೀತಾನೆ?"