ಅಮೀನರು ಬಂದರು, ಬಾಗಿಲು ಹಾಕಿ!

ಚಿತ್ರದುರ್ಗದ ಕೋರ್ಟಿನಲ್ಲಿ ನಾನು ಸಾಲಗಾರರ ಪರ ವಕೀಲ. ಜಪ್ತಿ, ಹರಾಜು, ದಿವಾಳಿ ಅರ್ಜಿ, ಇವೇ ನನ್ನ ಹೊಟ್ಟೆಪಾಡು. ಬೇರೆ ವಕೀಲರ ಹತ್ತಿರ ಜನ ಸಿಟ್ಟು ಹೊತ್ತು ಬರುತ್ತಾರೆ, ನನ್ನ ಹತ್ತಿರ ಹೆದರಿಕೊಂಡೇ ಬರುತ್ತಾರೆ. ಹೆದರಿದವರು ಮಾಡುವ ಕೆಲಸ ಒಂದೆರಡಲ್ಲ. ತೊಂಬತ್ತರ ದಶಕದ ಕೆಲವನ್ನು ಹೇಳುತ್ತೇನೆ. ನಗು ಬಂದರೆ ನಗಿ, ಆಗ ನಾನಂತೂ ನಕ್ಕಿರಲಿಲ್ಲ.

ಪಕ್ಕದ ಸೀಟು

ಹಿರಿಯೂರಿನ ಬಸ್ಸಿನಲ್ಲಿ ಜವಳಿ ಅಂಗಡಿಯವರೊಬ್ಬರು ಬೇರೆ ಸೀಟಿಲ್ಲದೆ ನನ್ನ ಪಕ್ಕ ಕೂತರು. ಅರ್ಧ ಮೈ ಹೊರಗೇ ಇತ್ತು.

"ಆರಾಮಾಗಿ ಕುಂತ್ಕಳ್ರಿ" ಎಂದೆ.

"ಬ್ಯಾಡ್ರಿ ಸಾರ್, ಯಾರಾದ್ರೂ ನೋಡ್ಯಾರು."

ನೋಡಿಯೇಬಿಟ್ಟರು. ದಿವಾಳಿ ವಕೀಲರ ಜೊತೆ ಓಡಾಡುತ್ತಿದ್ದಾರಂತೆ ಎಂದು ಪೇಟೆಯೆಲ್ಲ ಸುದ್ದಿಯಾಯಿತು. ಕೈಸಾಲ ಕೊಟ್ಟವರೆಲ್ಲ ಒಟ್ಟಿಗೇ ಬಂದು ಅಂಗಡಿ ಮುಂದೆ ನಿಂತರು. ಕೊನೆಗೆ ಆ ಮನುಷ್ಯ ನನ್ನ ಆಫೀಸಿಗೇ ಬಂದು, "ನಿಮ್ ಪಕ್ಕ ಕುಂತಿದ್ ತಪ್ಪಿಗೆ ಈಗ ಎದುರ್ಗೆ ಕುಂತ್ಕಳಂಗಾತು" ಎಂದರು.

ಬಾಗಿಲ ಚಿಲಕ

ಹೊಳಲ್ಕೆರೆಯಲ್ಲಿ ಮದುವೆಗಳಿಗೆ ಬ್ಯಾಂಡ್ ಬಾರಿಸುವ ತಂಡದ ಮಾಲೀಕನೊಬ್ಬನಿದ್ದ. ಖಾಸಗಿ ಫೈನಾನ್ಸಿನವನೊಬ್ಬ ಸಾಲ ವಸೂಲಿಗೆ ಕೋರ್ಟಿನಿಂದ ಅವನ ಮೇಲೆ ಡಿಕ್ರಿ ಪಡೆದಿದ್ದ. ಮೊದಲು ಸಾಮಾನು ಜಪ್ತಿ, ಆಮೇಲೆ ಮನೆ. "ಮನಿ ಒಂದು ಉಳಿಸ್ಕೊಡ್ರಿ ಸಾರ್, ಬೇರೆ ಏನೂ ಕೇಳಲ್ಲ" ಎಂದು ಗಂಡ ಹೆಂಡತಿ ಕೈಮುಗಿದರು. ನಾನು ಧೈರ್ಯ ಹೇಳಿದೆ. ಜಪ್ತಿಗೆ ಬರುವ ಕೋರ್ಟಿನ ಅಮೀನರು ಮುಂಬಾಗಿಲು ಒಡೆಯುವಂತಿಲ್ಲ, ಚಿಲಕ ಹಾಕಿಕೊಂಡಿರಿ, ಅಷ್ಟರಲ್ಲಿ ತಡೆಯಾಜ್ಞೆಗೆ ಓಡಾಡುತ್ತೇನೆ ಎಂದೆ.

ಅಮೀನರು ಬಂದರು. ಬಿಸಿಲಿಗೆ ಸುಸ್ತಾಗಿ ಜಗಲಿ ಮೇಲೆ ಕೂತು ನೀರು ಕೇಳಿದರು. ಹೆಂಡತಿ ಕಿಟಕಿಯಿಂದಲೇ ಚೊಂಬು ಕೊಟ್ಟಳು.

"ಯಾವೂರಮ್ಮ ನಿಂದು?"

"ಬಾಗೂರು."

"ಅಯ್ಯೋ, ನಮ್ದೂ ಬಾಗೂರೇ!"

ತವರೂರಿನವರು ಹಸಿದು ಹೊರಗೆ ಕೂತಿರುವಾಗ ಒಳಗೆ ಮುದ್ದೆ ಮುರಿಯುವುದು ಹೇಗೆ? ಚಿಲಕ ತೆಗೆದು, ಮಣೆ ಹಾಕಿ ಉಣ್ಣಲಿಕ್ಕಿದಳು. ಅಮೀನರು ಹೊಟ್ಟೆತುಂಬ ಉಂಡು, ಸಂಕಟದಿಂದಲೇ ಟೀವಿ, ಬೀರು, ಫ್ಯಾನು ಎಲ್ಲ ಜಪ್ತಿ ಪಟ್ಟಿಗೆ ಬರೆದುಕೊಂಡರು. ಅವಳು ಕೇಳಿದ್ದು ಒಂದೇ ಮಾತು: "ಅಣ್ಣಾ, ಉಂಡ್ ತಟ್ಟೆ ತೊಳ್ದು ಕೊಡ್ಲಾ, ಹಂಗೇ ಬರ್ಕಂತಿಯಾ?"

ಹರಾಜಿನ ದಿನ

ತಡೆಯಾಜ್ಞೆ ಸಿಗಲಿಲ್ಲ. ಮನೆಯ ಹರಾಜು ಬಂದೇ ಬಂತು. ಬೀದಿಯಲ್ಲಿ ಡೋಲು ಬಾರಿಸಿ ಸಾರದೆ ಹರಾಜು ಕೂಗುವಂತಿಲ್ಲ. ನೋಡಿದರೆ ಡೋಲಿನವನೇ ನಾಪತ್ತೆ! ಇದೊಂದೇ ತಕರಾರು ಸಾಕು, ಹರಾಜು ಮುಂದಕ್ಕೆ ಹೋಗುತ್ತದೆ ಎಂದು ನಾನು ಒಳಗೊಳಗೇ ಕುಣಿದೆ. ಹರಾಜು ನಡೆಸಲು ಬಂದಿದ್ದ ಅದೇ ಅಮೀನರು ಮಾತ್ರ ಬೆವೆತು ಹೋಗಿದ್ದರು.

"ಜಡ್ಜ್ ಸಾಹೇಬ್ರು ನನ್ನ ಬಿಡಾಕಿಲ್ಲ, ನೌಕ್ರಿಗೇ ಸಂಚಕಾರ."

"ಅಷ್ಟಕ್ಯಾಕೆ ಹೆದರ್ತೀರ, ತಡೀರಿ" ಎಂದು ನನ್ನ ಕಕ್ಷಿದಾರ ಒಳಗೆ ಹೋದ. ತನ್ನದೇ ಡೋಲು ತಂದು ಬಾರಿಸತೊಡಗಿದ!

ನಾನು ಅವನ ಅಂಗಿ ಹಿಡಿದೆಳೆದೆ. "ಲೇ, ನಿಲ್ಸೋ! ಹೋಗೋದು ನಿನ್ನ ಮನೆ!"

"ಗೊತ್ತೈತಿ ಸಾರ್. ನಮ್ ಮನ್ಯಾಗ್ ಉಂಡೋರು, ನೌಕ್ರಿ ಕಳ್ಕಂಬಾರ್ದು."

ಕೈ ಬಾರಿಸುತ್ತಿತ್ತು, ಕಣ್ಣಲ್ಲಿ ನೀರು ಧಾರಾಕಾರ. ಹೆಂಡತಿ ಬಾಗಿಲ ಚೌಕಟ್ಟು ತಬ್ಬಿಕೊಂಡು ನಿಂತಿದ್ದಳು. ಸವಾಲು ಕೂಗಲು ಹೊಸದುರ್ಗದಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಂಥ ಮನಿ ತಗಂಡು ನೆಮ್ದಿಯಾಗಿ ಮಲಗಾಕಾಕೈತಾ? ನಡೀರಿ, ಬಸ್ಸಿಗೆ ಹೋಗಾಣ" ಎಂದು ಹೊರಟೇಬಿಟ್ಟರು. ಕೊಳ್ಳುವವರಿಲ್ಲದೆ ಹರಾಜು ಮುರಿದುಬಿತ್ತು. ಫೈನಾನ್ಸಿನವನು ತಲೆ ಚಚ್ಚಿಕೊಂಡು ಅಲ್ಲೇ ಕಂತಿಗೆ ಒಪ್ಪಿದ. ಮನೆ ಉಳಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಕಣ್ಣೊರೆಸಿಕೊಂಡು ನನ್ನ ಕಕ್ಷಿದಾರ ಅಮೀನರ ಮುಂದೆ ಕೈಚಾಚಿದ. "ಬಾರ್ಸಿದ್ ಕೂಲಿ?"

ಅಮೀನರು ಕೂಲಿ ಕೊಟ್ಟು, ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಕಕ್ಷಿದಾರನ ಕಿವಿಯಲ್ಲಿ ಹೇಳಿದೆ: "ಹರಾಜಿನ ಖರ್ಚೆಲ್ಲ ಸಾಲಗಾರನ ತಲೆಗೇ ಬರುತ್ತೆ ಕಣಪ್ಪ. ಡೋಲಿನ ಕೂಲಿಯೂ ಸೇರಿ."

ಅವನು ಕೈಯಲ್ಲಿದ್ದ ಕೂಲಿಯನ್ನೊಮ್ಮೆ, ಡೋಲನ್ನೊಮ್ಮೆ ನೋಡಿದ.

"ಮೊದ್ಲೇ ಹೇಳ್ಬಾರ್ದಾ ಸಾರ್? ಇಷ್ಟೊತ್ತು ಬಾರಿಸ್ತಿರ್ಲಿಲ್ಲ!"