ಮೇಲಿನ ಮನೆಯ ಬಿಸಿನೆಸ್ ಸ್ಕೂಲು

ಘರ್... ಘರ್... ಘರ್. ಸಂಜೆಯ ಚಹಾದ ಕಪ್ಪು ನನ್ನ ತುಟಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ, ತಲೆಯ ಮೇಲೆ ಕಬ್ಬಿಣದ ಕುರ್ಚಿಗಳನ್ನು ಎಳೆಯುವ ಸದ್ದು. ನಾಗಪುರದ ರಾಮದಾಸಪೇಠಿನ ನಮ್ಮ ಹಳೆಯ ಕಟ್ಟಡದ ಸ್ಲ್ಯಾಬು ಎಷ್ಟು ತೆಳ್ಳಗೆಂದರೆ, ಮೇಲಿನವರು ಸೀನಿದರೆ ಕೆಳಗಿನವರು ‘ಗಾಡ್ ಬ್ಲೆಸ್ ಯು’ ಎನ್ನಬಹುದು. ಆ ಸದ್ದು ಕೇಳಿದೊಡನೆ ನಾನು ಕಪ್ಪು ಕೆಳಗಿಟ್ಟು ಕನ್ನಡಕ ಹುಡುಕುತ್ತಿದ್ದೆ. ಮೇಲಿನ ಮನೆಯಲ್ಲಿ ನನ್ನ ಮೈದುನನ ಕ್ಲಾಸು ಶುರುವಾಯಿತೆಂದು ಅದರ ಅರ್ಥ. ಇನ್ನು ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿನಿಂದ ಅತ್ತಿಗೆಗೆ ಕರೆ ಬರುತ್ತಿತ್ತು: “ವೈನಿ, ಪ್ಯಾನೆಲ್ ಮೆಂಬರು ಬರ್ರಿ.”

ಬಿಸಿನೆಸ್ ಸ್ಕೂಲಿಗೆ ಸೇರಬೇಕಾದರೆ ಬರೆಯುವ ಪರೀಕ್ಷೆಯೊಂದು ಸಾಲದು ನೋಡಿ. ಆಮೇಲೆ ಗ್ರೂಪ್ ಡಿಸ್ಕಶನ್ ಎಂಬ ಮಾತಿನ ಕುಸ್ತಿ, ಪ್ರಬಂಧ, ಕಡೆಗೆ ಇಂಟರ್ವ್ಯೂ. ಇವೆಲ್ಲಕ್ಕೂ ಮಕ್ಕಳನ್ನು ತಯಾರು ಮಾಡುತ್ತಿದ್ದ ನನ್ನ ಮೈದುನ ಸ್ವತಃ ಜೀವಮಾನದಲ್ಲಿ ಕೊಟ್ಟಿದ್ದು ಒಂದೇ ಒಂದು ಇಂಟರ್ವ್ಯೂ. ಅದರಲ್ಲಿ ಫೇಲ್! (ಅವನು ನನಗಿಂತ ಚಿಕ್ಕವನು. ಏಕವಚನ ನನ್ನ ಹಕ್ಕು, ಅವನೇ ಕೊಟ್ಟಿದ್ದು.)

ಆ ಇಂಟರ್ವ್ಯೂ ನಡೆದದ್ದು ಧಾರವಾಡದಲ್ಲಿ, ಹೆಣ್ಣು ನೋಡಲು ಹೋದಾಗ. ಹುಡುಗಿ ಸ್ಕೂಲ್ ಟೀಚರು, ಧೈರ್ಯಸ್ಥೆ. ಸುಮ್ಮನೆ ತಲೆ ತಗ್ಗಿಸಿ ಕೂರದೆ, ನಿಮಗೆ ಅಡುಗೆ ಬರುತ್ತದೆಯೇ ಎಂದು ಕೇಳಿಬಿಟ್ಟಳು. ಬರುತ್ತದೆ ಎಂದಷ್ಟೇ ಹೇಳಬಾರದೇ? ಇವನು ಬದನೆಕಾಯಿ ಎಣ್ಣೆಗಾಯಿಯನ್ನು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವಲ್ಲಿಂದ ಆರಂಭಿಸಿದ. ಗುರೆಳ್ಳು ಹುರಿಯುವ ಹೊತ್ತಿಗೆ ಹುಡುಗಿಯ ಅಪ್ಪನಿಗೆ ತೂಕಡಿಕೆ. ಒಗ್ಗರಣೆಗೆ ಬರುವಷ್ಟರಲ್ಲಿ ತಟ್ಟೆಯಲ್ಲಿದ್ದ ಉಪ್ಪಿಟ್ಟು ಕಲ್ಲು. ಮರುದಿನ ಅವರ ಕಡೆಯಿಂದ ಉತ್ತರ ಬಂತು: “ಹುಡುಗ ಭಾಳ ಚಲೋ ಇದ್ದಾನ, ಖರೆ ನಿಲ್ಲೂದಿಲ್ಲ.”

ಮತ್ತೊಂದು ಹೆಣ್ಣು ನೋಡಲು ಅವನು ಹೋಗಲಿಲ್ಲ. ಒಂದು ಅಟೆಂಪ್ಟ್ ಸಾಕು ಎಂದ. ಕೇಂದ್ರ ಸರ್ಕಾರದ ಆಫೀಸೊಂದರಲ್ಲಿ ಲೆಕ್ಕ ತಪಾಸಣೆ ಮಾಡುತ್ತ ನಾಗಪುರದಲ್ಲೇ ರಿಟೈರ್ ಆದ. ಆ ಕೆಲಸ ಬರೀ ಲಿಖಿತ ಪರೀಕ್ಷೆಯಿಂದ ಸಿಕ್ಕಿದ್ದು ಸರ್ಕಾರದ ಪುಣ್ಯ. ಇಂಟರ್ವ್ಯೂ ಇಟ್ಟಿದ್ದರೆ ಬೋರ್ಡಿನವರು ಇನ್ನೂ ಮನೆಗೆ ಹೋಗುತ್ತಿರಲಿಲ್ಲ!

ಇಂಥವನು ಬಿಸಿನೆಸ್ ಸ್ಕೂಲಿನ ಉಸಾಬರಿಗೆ ಬಿದ್ದಿದ್ದು ನನ್ನ ಮೊಮ್ಮಗಳಿಂದ. ಮಗಳ ಮಗಳು, ಹೆಸರು ವಾಣಿ. ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ. ಮಿಹಾನಿನ ಐಟಿ ಆಫೀಸೊಂದರಲ್ಲಿ ಕೆಲಸ, ವಾಸ ನನ್ನ ಜೊತೆ. ಲಿಖಿತ ಪರೀಕ್ಷೆಯಲ್ಲಿ ಅವಳ ಮಾರ್ಕು ನೋಡಿದರೆ ದೃಷ್ಟಿ ತಾಗಬೇಕು, ಅಂಥ ಜಾಣೆ. ಆದರೆ ನಾಲ್ಕು ಜನ ಸೇರಿದಲ್ಲಿ ಬಾಯಿ ಹೊಲಿದುಕೊಂಡುಬಿಡುತ್ತಿತ್ತು. ಎರಡು ವರ್ಷವೂ ಗ್ರೂಪ್ ಡಿಸ್ಕಶನ್ನಿನಲ್ಲಿ ಫೋಟೋ ತೆಗೆಸಿಕೊಳ್ಳಲು ಕೂತವಳಂತೆ ಕೂತು ಎದ್ದು ಬಂದಳು. ತನಗೆ ಬೇಕಾದ ಕಾಲೇಜಿನ ಕೆಂಪು ಕಟ್ಟಡದ ಚಿತ್ರವನ್ನು ಕಪಾಟಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದಳು. ಹೊರಗಡೆ ಅಂಟಿಸುವುದಕ್ಕೂ ಸಂಕೋಚ! ಮೂರನೆಯ ಸಲ ಪರೀಕ್ಷೆಗೆ ಕಟ್ಟಿದ ದಿನ ಆಫೀಸ್ ಕ್ಯಾಬ್‌ನಿಂದ ಇಳಿದವಳೇ ಹೇಳಿದಳು: “ಆಜಿ, ಈ ಸಲ ಲಾಸ್ಟ್. ನಹೀ ಹುವಾ ತೊ ಬಸ್. ಆಮ್ಯಾಲೆ ಯಾರೂ ನನಗ ಇದರ ಬಗ್ಗೆ ಕೇಳಬ್ಯಾಡ್ರಿ.”

ಆ ರಾತ್ರಿ ನಾನು ರೋಜರಿ ಹಿಡಿದು ಕೂತೆ ಎಂದುಕೊಳ್ಳಬೇಡಿ. ಕಾನ್ವೆಂಟಿನಲ್ಲಿ ಕಲಿತರೂ ನಾನು ರಾಯರ ಮಠದವಳೇ. ರಾಯರಿಗೇ ಹೇಳಿಕೊಂಡೆ. ಬೆಳಿಗ್ಗೆ ಪೇಪರ್ ಕೊಡಲು ಕೆಳಗೆ ಬಂದ ಮೈದುನನಿಗೂ ಹೇಳಿದೆ. ಕೆಲಸ ಆರಂಭಿಸಿದವನು ಮೈದುನ.

ಮೊದಲು ವಾಣಿ ಹೋಗುತ್ತಿದ್ದ ಕೋಚಿಂಗ್ ಕ್ಲಾಸಿಗೆ ಗಾರ್ಡಿಯನ್ ಎಂದು ಹೇಳಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದ. ಅಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಇಷ್ಟೇ: ಮೊದಲು ಮಾತಾಡು, ಜೋರಾಗಿ ಮಾತಾಡು, ಬೇರೆಯವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನುಗ್ಗು. ನನ್ನ ಮೈದುನ ಮನೆಗೆ ಬಂದು ಪೇಟಾ ತೆಗೆದಿಟ್ಟಷ್ಟು ಗಂಭೀರವಾಗಿ ಮಫ್ಲರ್ ತೆಗೆದಿಟ್ಟ. “ವೈನಿ, ಅದು ಡಿಸ್ಕಶನ್ ಅಲ್ರಿ. ಬಸ್ ಸ್ಟ್ಯಾಂಡಿನ್ಯಾಗ ಕಿಡಕಿಯಿಂದ ಟಾವೆಲ್ ಒಗದು ಸೀಟ್ ಹಿಡಿಯೂದು.”

ಮತ್ತೆ ಡಿಸ್ಕಶನ್ ಎಂದರೆ ಯಾವುದು? ಪಂಕ್ತಿ ಊಟ ಎಂದ! ನಾನು ನಕ್ಕೆ. ಅವನು ನಗಲಿಲ್ಲ. ಪಂಕ್ತಿಯಲ್ಲಿ ಅತಿ ಜೋರಾಗಿ ಉಣ್ಣುವವನನ್ನು ಯಾರಾದರೂ ನೋಡುತ್ತಾರೆಯೇ, ಎಲ್ಲರ ಕಣ್ಣು ಬಡಿಸುವವರ ಮೇಲೇ ಅಲ್ಲವೇ ಎಂದು ಕೇಳಿದ. ಯಾರ ಎಲೆ ಖಾಲಿ ಇದೆ, ಯಾರಿಗೆ ಸಾರು ಬಂದಿಲ್ಲ, ಯಾರು ಸಂಕೋಚದಿಂದ ಬೇಡ ಎನ್ನುತ್ತಿದ್ದಾರೆ, ಇದು ಯಾರಿಗೆ ಕಾಣುತ್ತದೋ ಪಂಕ್ತಿ ಅವರದು. ಏನು ಹೇಳಲಿ? ಕಾನ್ವೆಂಟಿನಲ್ಲಿ ನಮಗೆ ಡಿಬೇಟ್ ಕಲಿಸಿದ ಸಿಸ್ಟರ್ ಕೂಡ ಇಷ್ಟು ಕ್ಲಿಯರ್ ಆಗಿ ಹೇಳಿರಲಿಲ್ಲ.

ಅಂದಿನಿಂದ ಮೇಲಿನ ಮನೆಯಲ್ಲಿ ಕುರ್ಚಿಗಳು ದುಂಡಗೆ ಕೂತವು. ವಾಣಿಯ ಜೊತೆ ಅವಳಂತೆಯೇ ಎಡವಿದ್ದ ಐದಾರು ಮಕ್ಕಳು ಸೇರಿದರು. ಹಿಂಗಣಾದ ಫ್ಯಾಕ್ಟರಿಯಿಂದ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಎಂಜಿನಿಯರ್ ಇದ್ದ. ಇಡೀ ದಿನ ಮೆಷೀನುಗಳ ನಡುವೆ ಇದ್ದವನು, ‘ಗುಡ್ ಈವ್ನಿಂಗ್’ ಎಂದರೆ ಕೆಳಗಿನ ಅಂಗಡಿಯವನು ತಿರುಗಿ ನೋಡಬೇಕು. ಎಲ್ಲರಿಗೂ ನನ್ನ ಮೈದುನ ‘ಕಾಕಾ’. ಫೀಸಿಲ್ಲ. ಬದಲಿಗೆ ಭಾನುವಾರ ನಿಜವಾದ ಪಂಕ್ತಿ. ಅಡುಗೆ ಅವನದೇ, ಆ ಎಣ್ಣೆಗಾಯಿ ಸಮೇತ. ಧಾರವಾಡದ ಆ ಹುಡುಗಿ ಒಮ್ಮೆ ಇದನ್ನು ತಿಂದು ನೋಡಿದ್ದರೆ ಅವಳ ತೀರ್ಪೇ ಬದಲಾಗುತ್ತಿತ್ತು ಎಂದು ನನ್ನ ಖಾತ್ರಿ.

ವಾಣಿಯನ್ನು ಮಾತ್ರ ಅವನು ಶುರುವಿನ ವಾರಗಳಲ್ಲಿ ಡಿಸ್ಕಶನ್ನಿಗೆ ಕೂರಲು ಬಿಡಲೇ ಇಲ್ಲ. ಪಲ್ಯದ ಪಾತ್ರೆ ಕೈಗೆ ಕೊಟ್ಟು ಬಡಿಸು ಎಂದ. ಒಬ್ಬೊಬ್ಬರ ಮುಂದೆ ನಿಂತು, ಮುಖ ನೋಡಿ, ಇನ್ನು ಸ್ವಲ್ಪ ಹಾಕಲೇ ಎಂದು ಕೇಳಬೇಕು. ಬೇಡ ಎಂದರೆ ಅದು ನಿಜವಾದ ಬೇಡವೋ, ಸಂಕೋಚದ ಬೇಡವೋ ತಿಳಿಯಬೇಕು. ಮೊದಲ ಭಾನುವಾರ ಅವಳು ಪಲ್ಯವನ್ನು ಎಲೆಗೆ ಹಾಕಿದಳೋ ನೆಲಕ್ಕೆ ಹಾಕಿದಳೋ ಹೇಳುವಂತಿರಲಿಲ್ಲ. ಆಮೇಲೆ ಹಿಂಗಣಾದ ಎಂಜಿನಿಯರನಿಗೇ, ನಿನಗೆ ಚಟ್ನಿ ಬಂದಿಲ್ಲ, ಅದಕ್ಕೇ ಸುಮ್ಮನಿದ್ದೀ ಎನ್ನುವಷ್ಟಾದಳು. ಅಂದು ಕಾಕಾ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ಕುರ್ಚಿ ತೋರಿಸಿದ. “ಈಗ ಪಾತ್ರಿ ಇಲ್ಲದ ಬಡಸು.”

ಇಂಟರ್ವ್ಯೂ ತಾಲೀಮಿಗೆ ನಾವು ಮೂವರ ಪ್ಯಾನೆಲ್. ನಾನು ಇಂಗ್ಲಿಷ್, ಅವನು ಜನರಲ್, ಪಕ್ಕದ ಮನೆಯ ರಿಟೈರ್ಡ್ ಸರ್ಜನ್ ಮರಾಠಿ ಡಾಕ್ಟರ್‌ಸಾಹೇಬರು ಸ್ಪೆಷಲಿಸ್ಟ್. ಅವರ ಸ್ಪೆಷಾಲಿಟಿ ಏನೆಂದರೆ ನಡುನಡುವೆ ನಿದ್ದೆಯಿಂದ ಎದ್ದು “ವೈ ಎಂಬಿಎ?” ಎಂದು ಕೇಳಿ ಮತ್ತೆ ಮಲಗುವುದು. ನಿಜವಾದ ಪ್ಯಾನೆಲಿನಲ್ಲೂ ಒಬ್ಬರು ಹೀಗೇ ಇರುತ್ತಾರೆ, ಮಕ್ಕಳಿಗೆ ಅಭ್ಯಾಸವಾಗಲಿ ಎಂದು ನನ್ನ ಮೈದುನ ಅವರನ್ನು ಎಬ್ಬಿಸುತ್ತಿರಲಿಲ್ಲ. ಹಿಂಗಣಾದ ಎಂಜಿನಿಯರನಿಗೆ ನಾನು ನಿನ್ನ ವೀಕ್‌ನೆಸ್ ಏನು ಎಂದು ಕೇಳಿದೆ. ಕೋಚಿಂಗ್ ಕ್ಲಾಸಿನ ಉತ್ತರ ಸಿದ್ಧವಾಗಿತ್ತು: ಎಲ್ಲವೂ ಪರ್ಫೆಕ್ಟ್ ಆಗಿರಬೇಕೆಂಬ ಹಟವೇ ತನ್ನ ವೀಕ್‌ನೆಸ್. ನನ್ನ ಮೈದುನ ಅವನ ಅಂಗಿಯ ಎರಡನೆಯ ಗುಂಡಿ ಇಲ್ಲದ ಜಾಗವನ್ನೇ ನೋಡುತ್ತ, ಅದು ಕಾಣುತ್ತಿದೆಯಪ್ಪ ಎಂದು ಹಿಂದಿಯಲ್ಲಿ ಹೇಳಿದ. ಡಾಕ್ಟರ್‌ಸಾಹೇಬರು ನಗುತ್ತ ಎಚ್ಚರವಾಗಿದ್ದು ಅದೊಂದೇ ಸಲ.

ಪ್ರಬಂಧದ ವಿಷಯಕ್ಕೆ ಮಾತ್ರ ನಾನೇ ರಾಣಿ ಎಂದುಕೊಂಡಿದ್ದೆ. ವಾಣಿ ಬರೆದು ತಂದ ಇಂಗ್ಲಿಷ್ ಪ್ರಬಂಧ ಏನು ಚೆನ್ನಾಗಿತ್ತೆಂದರೆ! ಜಾಗತೀಕರಣ, ಸವಾಲು, ನಾಯಕತ್ವ, ಒಂದು ವಾಕ್ಯ ಬಾಗಿಲಲ್ಲಿ ಹೊರಟರೆ ಹಿತ್ತಲಲ್ಲಿ ಮುಗಿಯಬೇಕು. ಬ್ಯೂಟಿಫುಲ್ ಎಂದು ನಾನು ಎರಡು ಸಲ ಅಂದೆ. ಮೈದುನ ಕೇಳಿದ, ಇದರಲ್ಲಿ ನೀನು ಎಲ್ಲಿದ್ದೀ ಎಂದು. ವಾಣಿ ಕಾಗದದಲ್ಲೆಲ್ಲ ಹುಡುಕಿದಳು. ನಾನೂ ಹುಡುಕಿದೆ. ಹುಡುಗಿ ಸಿಗಲಿಲ್ಲ.

ಹಸಿ ಬಟಾಣಿಯ ರಾಶಿ ಮುಂದೆ ಸುರಿದು, ಸುಲಿಯುತ್ತ ಹೇಳು, ಬರೆಯಬೇಡ ಎಂದ. ಬಟಾಣಿ ಸುಲಿಯುತ್ತ ಅವಳು ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಹೇಳಿದಳು. ಆಫೀಸಿನ ಮೀಟಿಂಗುಗಳಲ್ಲಿ ತನ್ನ ಮೈಕು ಯಾವಾಗಲೂ ಮ್ಯೂಟ್. ಒಮ್ಮೆ ಎಲ್ಲರೂ ಸೇರಿ ಒಂದು ತಪ್ಪು ನಿರ್ಧಾರಕ್ಕೆ ಬರುತ್ತಿದ್ದದ್ದು ಇವಳಿಗೆ ಗೊತ್ತಿತ್ತು; ಹೇಳಬೇಕಾದದ್ದನ್ನು ಮ್ಯೂಟಿನಲ್ಲೇ ಪೂರಾ ಹೇಳಿ ಮುಗಿಸಿದಳಂತೆ. ಯಾರಿಗೂ ಕೇಳಲಿಲ್ಲ. ಆಮೇಲೆ ಆ ಕೆಲಸ ಕೆಟ್ಟಿತು. ಹೇಳುತ್ತ ಹೇಳುತ್ತ ಅವಳ ಕೈ ನಿಂತಿತ್ತು. ಅದೇ ಪ್ರಬಂಧವಾಗಿ ಕಾಲೇಜಿಗೆ ಹೋಯಿತು. ನಾನು ಸೇರಿಸಿದ್ದು ‘ಎ’, ‘ಆ್ಯನ್’, ‘ದಿ’ ಮಾತ್ರ.

ಪುಣ್ಯಕ್ಕೆ ಆ ವರ್ಷ ಅವಳ ಕೆಂಪು ಕಟ್ಟಡದ ಕಾಲೇಜಿನವರು ನಾಗಪುರದ ಹೋಟೆಲೊಂದಕ್ಕೇ ಬಂದರು. ಬೆಳಿಗ್ಗೆ ಡಿಸ್ಕಶನ್, ಮಧ್ಯಾಹ್ನ ಇಂಟರ್ವ್ಯೂ. ನಾವಿಬ್ಬರೂ ಜೊತೆಗೆ ಹೋದೆವು. ನನ್ನ ಮೈದುನ ಬಿಸಿಲು ಚುರುಗುಟ್ಟುತ್ತಿದ್ದರೂ ಉಣ್ಣೆಯ ಕೋಟು ಹಾಕಿಕೊಂಡಿದ್ದ. ಲಾಬಿಯಲ್ಲಿ ಸುಮ್ಮನೆ ಕೂರುವ ಜಾತಿಯೇ ಅವನದು? ಕಾಯುತ್ತಿದ್ದ ತಂದೆತಾಯಿಗಳನ್ನೆಲ್ಲ ಸೋಫಾದಲ್ಲಿ ಸುತ್ತ ಕೂರಿಸಿ, ಮಕ್ಕಳಿಗೆ ಎಂಬಿಎ ಬೇಕೋ ಬೇಡವೋ ಎಂದು ಡಿಸ್ಕಶನ್ ನಡೆಸಿದ. ಬೇಡ ಎಂಬ ಕಡೆಯವರು ಗೆಲ್ಲುವ ಹಾಗಿದ್ದಾಗ ಬಾಗಿಲು ತೆರೆಯಿತು.

ವಾಣಿ ಓಡಿಬಂದಳು. ಮುಖವೆಲ್ಲ ಬೆಳಕು. ಮನೆಯಿಂದಲೇ ಆಫೀಸ್ ಕೆಲಸ ಮಾಡುವುದು ಒಳ್ಳೆಯದೇ ಎಂಬುದು ವಿಷಯವಂತೆ. ಎಲ್ಲರೂ ಒಟ್ಟಿಗೆ ಕೂಗಾಡುವಾಗ ಇವಳು ಒಬ್ಬನ ಮಾತನ್ನು ಎತ್ತಿ ಇನ್ನೊಬ್ಬಳ ಮುಂದೆ ಇಟ್ಟಳು, ಜಗಳ ತಂಪು ಮಾಡಿದಳು, ಮೂಲೆಯಲ್ಲಿ ಬೆವರುತ್ತಿದ್ದ ಹುಡುಗಿಯೊಬ್ಬಳನ್ನು ಕೇಳಿ ಮಾತಾಡಿಸಿದಳು. ಕಡೆಕಡೆಗೆ ಎಲ್ಲರೂ ಇವಳ ಕಡೆ ತಿರುಗಿಯೇ ಮಾತಾಡುತ್ತಿದ್ದರಂತೆ. ನನಗೆ ಕಣ್ಣು ತುಂಬಿಬಂತು. ನನ್ನ ಮೈದುನ ಕೇಳಿದ:

“ಮತ್ತ ನೀ ಏನಂದಿ? ನಿಂದು?”

ವಾಣಿಯ ಮುಖ ನಿಧಾನಕ್ಕೆ ಬದಲಾಯಿತು. “ನಂದು ರಾಹಿಲಂ, ಕಾಕಾ, ಉಳದುಹೋತು. ಎಲ್ಲಾರದೂ ಆಗ್ಲಿ, ಆಮ್ಯಾಲೆ ಹೇಳೋಣ ಅಂತಿದ್ದೆ. ಅಷ್ಟರಾಗ ಟೈಮ್ ಅಪ್ ಅಂದ್ರು.”

ಬಡಿಸುವವರು ಕಡೆಗೆ ಉಣ್ಣುವುದು ನಮ್ಮ ಮನೆಗಳ ರೂಢಿ. ಯಾರೂ ಅದನ್ನು ಹೇಳಿಕೊಡುವುದಿಲ್ಲ. ಅವಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಪಂಕ್ತಿಯನ್ನು ಪೂರಾ ಕಲಿತವಳು ಅದನ್ನೂ ಕಲಿತುಬಿಟ್ಟಿದ್ದಳು. ಅಲ್ಲಿ ಕೂತಿದ್ದ ಮೇಷ್ಟರುಗಳಿಗೆ ಇದೇನು ಗೊತ್ತು? ಸ್ವಂತ ಅಭಿಪ್ರಾಯವೇ ಇಲ್ಲದ ಹುಡುಗಿ ಎಂದು ಸೊನ್ನೆ ಹಾಕಿದ್ದರೂ ಆಶ್ಚರ್ಯವಿರಲಿಲ್ಲ. ನನ್ನ ಮೈದುನ ಸೋಫಾದ ಮೇಲೆ ಕುಸಿದ. ನನಗಷ್ಟೇ ಕೇಳುವಂತೆ ಹೇಳಿದ: “ವೈನಿ, ಹುಡುಗಿಗೆ ಬಡಸೂದು ಕಲಿಸಿದೆ. ಉಣ್ಣೂದು ಕಲಿಸಲಿಲ್ಲ. ನನಗೇ ಅದು ನೆನಪಾಗಲಿಲ್ಲ ನೋಡ್ರಿ.”

ಮಧ್ಯಾಹ್ನದ ಇಂಟರ್ವ್ಯೂಗೆ ವಾಣಿ ಹೋಗುವಾಗ ಅವನು ಯಾವ ಸಲಹೆಯನ್ನೂ ಕೊಡಲಿಲ್ಲ. ಒಳಗೆ ನಡೆದದ್ದನ್ನು ಆಮೇಲೆ ವಾಣಿಯೇ ಹೇಳಿದಳು. ಪ್ಯಾನೆಲಿನ ಹೆಂಗಸೊಬ್ಬರು ಅವಳ ಪ್ರಬಂಧ ಕೈಯಲ್ಲಿ ಹಿಡಿದು, ಬೆಳಿಗ್ಗೆ ನೀನು ಎಲ್ಲರ ಬಾಯಿ ತೆರೆಸಿದೆ, ನಿನ್ನದು ಮಾತ್ರ ಮ್ಯೂಟ್ ಇತ್ತಲ್ಲ, ಏಕೆ ಎಂದರಂತೆ. ಇವಳು, ನಮ್ಮ ಮನೆಯಲ್ಲಿ ಬಡಿಸಿದವರು ಕಡೆಗೆ ಊಟಕ್ಕೆ ಕೂರುತ್ತಾರೆ, ಮೇಡಂ, ಈಗ ನಾನು ಕೂರಲೇ ಎಂದು ಕೇಳಿದಳಂತೆ. ಆಮೇಲೆ ಮನೆಯಿಂದ ಕೆಲಸದ ಬಗ್ಗೆ ತನಗನ್ನಿಸಿದ್ದನ್ನು ಹೇಳುತ್ತಾ ಹೋದಳು. ಅವರಾಗಿಯೇ ಸಾಕು ಎನ್ನುವವರೆಗೆ ನಿಲ್ಲಲಿಲ್ಲ. ವಂಶದ ಗುಣ, ಇನ್ನೇನು!

ಸೀಟು ಸಿಕ್ಕಿತು. ಮಿಹಾನಿನಿಂದ ಬರುವ ಕ್ಯಾಬ್‌ನಲ್ಲಿ ಮೇಲ್ ನೋಡಿ, ಡ್ರೈವರನಿಗೆ ಮೊದಲು ಹೇಳಿ, ಆಮೇಲೆ ನಮಗೆ ಫೋನ್ ಮಾಡಿದಳು. ಹಿಂಗಣಾದ ಎಂಜಿನಿಯರನಿಗೂ ಬೇರೆ ಕಾಲೇಜಿನಲ್ಲಿ ಸಿಕ್ಕಿತು. ಅವನು ಆ ಸುದ್ದಿಯನ್ನು ಫೋನಿಲ್ಲದೆಯೇ ತಿಳಿಸಬಹುದಿತ್ತು. ನನ್ನ ಮೈದುನ ಮಾತ್ರ ಪೇಢೆ ಬಾಯಿಗೆ ಹಾಕಿಕೊಳ್ಳುವ ಮೊದಲು, ಪಾಸಾಯಿತು ಸರಿ, ಆದರೆ ಸಿಲಬಸ್ ಬದಲಿಸಬೇಕು ಎಂದ.

ಜೂನಿನಲ್ಲಿ ವಾಣಿ ಹೋದಳು. ಕಪಾಟಿನ ಬಾಗಿಲ ಚಿತ್ರವನ್ನು ನಾನು ತೆಗೆದಿಲ್ಲ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ. ನಾನು ಊಟ ಮುಗಿಸಿ ಅಡುಗೆಮನೆ ಒರೆಸುತ್ತಿದ್ದೆ. ನನ್ನ ಮೈದುನ ಬಾಗಿಲಲ್ಲಿ ನಿಂತಿದ್ದ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವನು ಒಂದು ದಿನವೂ ನನ್ನ ಹತ್ತಿರ ಉಣ್ಣಲು ಏನನ್ನೂ ಕೇಳಿದವನಲ್ಲ. ನಾವಾಗಿ ಕರೆದರೂ ಆಗಿದೆ ಎನ್ನುತ್ತಿದ್ದ. ನಮ್ಮವರು ಹೋದ ಮೇಲಂತೂ ನನ್ನ ಊಟವಾಯಿತೇ ಎಂದು ವಿಚಾರಿಸುವುದಷ್ಟೇ ಅವನ ಕೆಲಸವಾಗಿತ್ತು. ಆ ದಿನ ಬಾಗಿಲ ಚೌಕಟ್ಟು ಹಿಡಿದುಕೊಂಡು, “ವೈನಿ, ಹಸಿವಿ ಆಗೇದ್ರಿ. ಏನರೆ ಅದ ಏನು?” ಎಂದ.

ಬೆಳಗಿನ ಜೋಳದ ಭಕ್ಕರಿ ಇತ್ತು, ಕಡಲೆಹಿಟ್ಟಿನ ಝುಣಕಾ ಇತ್ತು. ಬಿಸಿ ಮಾಡಿ ಕೊಟ್ಟೆ. ಯಾವ ಕಥೆಯನ್ನೂ ಹೇಳದೆ, ಮಾತೇ ಆಡದೆ ಉಂಡ. ತಾನಾಗಿ ಇನ್ನೊಂದು ಭಕ್ಕರಿ ಕೇಳಿದ. ಆಮೇಲೆ ಅನ್ನಕ್ಕೆ ಮೊಸರು ಕೇಳಿದ, ಉಪ್ಪಿನಕಾಯಿ ಕೇಳಿದ. ಕೈ ತೊಳೆದು ನನ್ನ ಟಾವೆಲ್ಲಿಗೇ ಒರೆಸಿಕೊಂಡು, ಚಲೋ ಇತ್ತು ಎಂದು ಹೇಳಿ ಕಟಾಂಜನ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಮರುದಿನ ಪೇಪರ್ ಕೊಡಲು ಅವನು ಕೆಳಗೆ ಬರಲಿಲ್ಲ; ರಾತ್ರಿ ನಿದ್ದೆಯಲ್ಲೇ ಹೋಗಿದ್ದ. ಅವನನ್ನು ನಾನು ಕಡೆಯ ಸಲ ಜೀವಂತ ನೋಡಿದ್ದು ಹಾಗೆ, ಹೊಟ್ಟೆ ತುಂಬಿದವನಾಗಿ.